ಚೈಲ್ಡ್ ಪ್ರೋಸೆಸ್‌ನ ಔಟ್‌ಪುಟ್‌ನಲ್ಲಿ ಕೊನೆಯ ಸಾಲುಗಳು ಆಗಾಗ ಕಾಣೆಯಾಗುತ್ತಿವೆ: ಪೈಪನ್ನು ಮುಚ್ಚಬೇಕಾದವರು ಯಾರು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಗೋ ಭಾಷೆಯಲ್ಲಿ ಬರೆದ ನಮ್ಮ ಒಂದು ಸರ್ವೀಸು ಇನ್ನೊಂದು ಪ್ರೋಗ್ರಾಮನ್ನು ಚೈಲ್ಡ್ ಪ್ರೋಸೆಸ್ ಆಗಿ ಓಡಿಸಿ, ಅದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯುವ ಸಾಲುಗಳನ್ನು ಒಂದೊಂದಾಗಿ ಓದಿಕೊಳ್ಳುತ್ತದೆ. ಇದಕ್ಕೆ ಓಎಸ್/ಎಕ್ಸೆಕ್ ಪ್ಯಾಕೇಜಿನ ಸ್ಟಡೌಟ್‌ಪೈಪ್ (ಚೈಲ್ಡ್ ಬರೆದದ್ದನ್ನು ನಮಗೆ ತಲುಪಿಸುವ ಪೈಪನ್ನು ಕೊಡುವ ಮೆಥಡ್) ಬಳಸಿದ್ದೇವೆ. ಓದುವ ಕೆಲಸ ಪ್ರತ್ಯೇಕ ಗೋರೂಟೀನ್‌ನಲ್ಲಿ (ಜೊತೆಜೊತೆಗೇ ಓಡುವ, ಗೋ ಭಾಷೆಯ ಹಗುರ ಥ್ರೆಡ್‌ನಲ್ಲಿ) ನಡೆಯುತ್ತದೆ. ಮುಖ್ಯ ಗೋರೂಟೀನ್ ಸ್ಟಾರ್ಟ್ ಕರೆದ ಬಳಿಕ ನೇರವಾಗಿ ವೇಟ್ ಕರೆದು, ಚೈಲ್ಡ್ ಮುಗಿಯುವವರೆಗೆ ಕಾಯುತ್ತದೆ.

ಅಭಿವೃದ್ಧಿಯ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಸರ್ವರ್‌ನಲ್ಲಿ ಲೋಡ್ ಏರಿದಾಗ ಮಾತ್ರ ಕೊನೆಯ ಕೆಲವು ಸಾಲುಗಳು ಬರುವುದಿಲ್ಲ, ಕೆಲವು ಸಲ ಒಂದು ಸಾಲೂ ಬರುವುದಿಲ್ಲ. ಲಾಗ್‌ನಲ್ಲಿ ‘ಫೈಲ್ ಆಲ್‌ರೆಡಿ ಕ್ಲೋಸ್ಡ್’ ಎಂಬ ಎರರ್ ಇರುತ್ತದೆ. ಚೈಲ್ಡ್ ಪ್ರೋಗ್ರಾಮು ಮಾತ್ರ ಸೊನ್ನೆ ಎಕ್ಸಿಟ್ ಕೋಡ್‌ನೊಂದಿಗೆ ಸುಸೂತ್ರವಾಗಿ ಮುಗಿದಿರುತ್ತದೆ. ನಮ್ಮ ಕೋಡಿನಲ್ಲಿ ಎಲ್ಲಿಯೂ ಆ ಪೈಪನ್ನು ನಾವು ಕ್ಲೋಸ್ ಮಾಡಿಲ್ಲ. ಹಾಗಿದ್ದರೆ ಅದನ್ನು ಮುಚ್ಚುತ್ತಿರುವವರು ಯಾರು?

ಬಯಲುಗಾಳಿ:
ವೇಟ್ ಕರೆಯುವ ಮುನ್ನ 100 ಮಿಲಿಸೆಕೆಂಡ್ ಸ್ಲೀಪ್ ಹಾಕಿ ನೋಡಿ. ನಮ್ಮಲ್ಲಿ ಇಂಥದ್ದೇ ತೊಂದರೆ ಅದರಿಂದ ನಿಂತಿತು.

ಹಳೆಗಂಟು:
ಬಯಲುಗಾಳಿ ಅವರೇ, ದಯವಿಟ್ಟು ಈ ಸಲಹೆಯನ್ನು ಯಾರಿಗೂ ಕೊಡಬೇಡಿ. ಸ್ಲೀಪ್ ಹಾಕಿದರೆ ತೊಂದರೆ ಹೋಗುವುದಿಲ್ಲ, ಅಪರೂಪವಾಗುತ್ತದೆ. ಅಪರೂಪವಾದ ರೇಸ್ ಕಂಡೀಷನ್ ಅನ್ನು, ಎಂದರೆ ಯಾವ ಕೆಲಸ ಮೊದಲು ನಡೆಯುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿರುವ ತಪ್ಪನ್ನು, ಹಿಡಿಯುವುದು ಇನ್ನಷ್ಟು ಕಷ್ಟ. ಲೋಡ್ ಹೆಚ್ಚಾದ ದಿನ ಓದುವ ಗೋರೂಟೀನ್‌ಗೆ 100 ಮಿಲಿಸೆಕೆಂಡಿನೊಳಗೆ ಸರದಿ ಸಿಗುತ್ತದೆಂದು ಯಾರು ಭರವಸೆ ಕೊಡುತ್ತಾರೆ?

ತುಂಗಾತೀರ ಅವರೇ, ಪೈಪನ್ನು ಮುಚ್ಚುತ್ತಿರುವುದು ವೇಟ್. ಸ್ಟಡೌಟ್‌ಪೈಪ್‌ನ ದಾಖಲೆಯಲ್ಲೇ ಇದನ್ನು ಸ್ಪಷ್ಟವಾಗಿ ಹೇಳಲಾಗಿದೆ: ಚೈಲ್ಡ್ ಮುಗಿದದ್ದನ್ನು ಕಂಡ ಮೇಲೆ ವೇಟ್ ತಾನೇ ಪೈಪನ್ನು ಮುಚ್ಚುತ್ತದೆ, ಆದ್ದರಿಂದ ಪೈಪಿನಿಂದ ಓದುವುದೆಲ್ಲ ಮುಗಿಯುವ ಮುನ್ನ ವೇಟ್ ಕರೆಯುವುದು ತಪ್ಪು ಬಳಕೆ. ಚೈಲ್ಡ್ ಬರೆದ ಬೈಟುಗಳು ಕರ್ನಲ್‌ನ ಪೈಪ್ ಬಫರಿನಲ್ಲಿ ಕುಳಿತಿರುತ್ತವೆ. ಚೈಲ್ಡ್ ಮುಗಿದರೂ ಅವು ಅಲ್ಲೇ ಇರುತ್ತವೆ. ಆದರೆ ನೀವು ಓದುವ ತುದಿಯನ್ನೇ ಮುಚ್ಚಿದರೆ ಬಫರಿನಲ್ಲಿ ಉಳಿದದ್ದೆಲ್ಲ ಹೋದಂತೆಯೇ. ಬೇಗ ಮುಗಿದುಬಿಡುವ ಚಿಕ್ಕ ಪ್ರೋಗ್ರಾಮುಗಳಲ್ಲಿ ಇದು ಹೆಚ್ಚಾಗಿ ಕಾಣಿಸುವುದಕ್ಕೂ ಇದೇ ಕಾರಣ. ಓದುಗನಿಗೆ ಮೊದಲ ಸರದಿ ಬರುವ ಹೊತ್ತಿಗೇ ಚೈಲ್ಡ್ ಮುಗಿದು ಪೈಪ್ ಮುಚ್ಚಿಹೋಗಿರುತ್ತದೆ.

ಪರಿಹಾರವೆಂದರೆ ಕ್ರಮವನ್ನು ಬದಲಿಸುವುದು: ಸ್ಟಾರ್ಟ್, ನಂತರ ಇಓಎಫ್ (ಇನ್ನು ಡೇಟಾ ಇಲ್ಲವೆಂಬ ಸೂಚನೆ) ಬರುವವರೆಗೆ ಓದು, ನಂತರ ವೇಟ್. ಓದು ಬೇರೆ ಗೋರೂಟೀನ್‌ನಲ್ಲೇ ನಡೆಯಬೇಕೆಂದಿದ್ದರೆ, ಅದು ಮುಗಿಯಿತೆಂದು ವೇಟ್‌ಗ್ರೂಪ್‌ನಿಂದಲೋ (ಗೋರೂಟೀನ್‌ಗಳು ಮುಗಿಯಲೆಂದು ಕಾಯುವ ಸಾಧನ) ಒಂದು ಚಾನೆಲ್‌ನಿಂದಲೋ (ಗೋರೂಟೀನ್‌ಗಳ ನಡುವೆ ಮೌಲ್ಯಗಳನ್ನು ಸಾಗಿಸುವ ದಾರಿ) ತಿಳಿದ ಮೇಲಷ್ಟೇ ವೇಟ್ ಕರೆಯಿರಿ.

ತುಂಗಾತೀರ:
ಧನ್ಯವಾದಗಳು, ಕಾರಣ ಈಗ ಅರ್ಥವಾಯಿತು. ಆದರೆ ನಮ್ಮ ಪರೀಕ್ಷೆಗಳೆಲ್ಲವೂ ರೇಸ್ ಡಿಟೆಕ್ಟರ್ ಹಾಕಿಕೊಂಡೇ ಓಡುತ್ತವೆ. ಅದು ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲವಲ್ಲ?

ಕಲ್ಲುಮಂಟಪ:
ಕೊಡುವುದೂ ಇಲ್ಲ. ಗೋ 1.1 ರಿಂದ ಜೊತೆಗೇ ಬರುತ್ತಿರುವ ಆ ಡಿಟೆಕ್ಟರ್ ಹುಡುಕುವುದು ಡೇಟಾ ರೇಸ್‌ಗಳನ್ನು, ಎಂದರೆ ಒಂದೇ ಮೆಮೊರಿ ಜಾಗವನ್ನು ಎರಡು ಗೋರೂಟೀನ್‌ಗಳು ಯಾವ ಹೊಂದಾಣಿಕೆಯೂ ಇಲ್ಲದೆ ಮುಟ್ಟಿ, ಅವುಗಳಲ್ಲಿ ಒಂದಾದರೂ ಬರೆಯುತ್ತಿರುವ ಸಂದರ್ಭವನ್ನು. ನಿಮ್ಮ ಕೋಡಿನಲ್ಲಿ ಅಂಥದ್ದಿಲ್ಲ. ಓದುವುದು ಮತ್ತು ಮುಚ್ಚುವುದು ಎರಡೂ ಪ್ಯಾಕೇಜಿನ ಒಳಗಿನ ಲಾಕಿನ ಮೂಲಕವೇ ಶಿಸ್ತಾಗಿ ಹಾದುಹೋಗುತ್ತವೆ. ತಪ್ಪಿರುವುದು ಕ್ರಮದಲ್ಲಿ. ಮೆಮೊರಿಯ ದೃಷ್ಟಿಯಿಂದ ಸಂಪೂರ್ಣ ಸುರಕ್ಷಿತವಾದ ಪ್ರೋಗ್ರಾಮಿನಲ್ಲೂ ಕ್ರಮದ ರೇಸ್ ಇರಬಹುದು. ಡಿಟೆಕ್ಟರ್ ಹಸಿರು ತೋರಿಸಿತೆಂದು ನೆಮ್ಮದಿಯಾಗಿರುವ ತಂಡಗಳನ್ನು ನಾನು ಬಹಳ ನೋಡಿದ್ದೇನೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದನ್ನು ಬೇಕೆಂದಾಗ ಮರುಸೃಷ್ಟಿಸಲು ಸುಲಭ ದಾರಿಯೊಂದಿದೆ. ಓದುವ ಗೋರೂಟೀನ್‌ನ ಮೊದಲ ಸಾಲಿನಲ್ಲೇ ಒಂದು ಸೆಕೆಂಡ್ ಸ್ಲೀಪ್ ಇಟ್ಟು, ಚೈಲ್ಡ್ ಆಗಿ ಎಕೋ ಕಮಾಂಡ್ ಓಡಿಸಿ. ಹಳೆಯ ಕ್ರಮದಲ್ಲಿ ಔಟ್‌ಪುಟ್ ಬರುವುದಿಲ್ಲ, ಹೊಸ ಕ್ರಮದಲ್ಲಿ ಬರುತ್ತದೆ. ಸ್ಲೀಪ್‌ಗೆ ನ್ಯಾಯವಾದ ಜಾಗ ಇದು. ರೇಸ್ ಅನ್ನು ಮುಚ್ಚಿಡಲು ಅದನ್ನು ಬಳಸಬಾರದು, ಬಯಲಿಗೆ ತರಲು ಬಳಸಬೇಕು.

ಬಯಲುಗಾಳಿ:
ಒಪ್ಪಿದೆ, ಸ್ಲೀಪ್ ಸರಿಯಾದ ದಾರಿಯಲ್ಲ. ಆದರೆ ಓದುವುದಕ್ಕೂ ಮುಚ್ಚುವುದಕ್ಕೂ ಒಂದೇ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಲಾಕ್) ಹಾಕಿದರೆ ಮುಗಿಯಿತಲ್ಲವೇ? ಇಷ್ಟೊಂದು ಚರ್ಚೆ ಏಕೆ ಬೇಕು?

ಸಂಪಿಗೆಹಾದಿ:
ಏಕೆ ಬೇಕೆಂದರೆ, ಓದುವ ಥ್ರೆಡ್ ಲಾಕನ್ನು ಹಿಡಿದುಕೊಂಡೇ ರೀಡ್‌ನಲ್ಲಿ ನಿಂತುಬಿಡುತ್ತದೆ. ಆ ಕಡೆಯಿಂದ ಡೇಟಾ ಬರದಿದ್ದರೆ ಮುಚ್ಚಬೇಕಾದ ಥ್ರೆಡ್ ಲಾಕಿಗಾಗಿ ಕಾಯುತ್ತಲೇ ಇರುತ್ತದೆ. ರೇಸ್ ಹೋಗಿ ಡೆಡ್‌ಲಾಕ್ ಬಂದಂತಾಯಿತು. ಅಷ್ಟಕ್ಕೂ ಮುಚ್ಚಬೇಕಾಗಿ ಬರುವುದೇ ಎಷ್ಟೋ ಸಲ ಆ ಕಡೆಯಿಂದ ಏನೂ ಬರುತ್ತಿಲ್ಲ ಎಂಬ ಕಾರಣಕ್ಕೆ.

ನಾನು ಕೆಲಸ ಮಾಡುವುದು ಸಿ++ ಸರ್ವರ್‌ಗಳಲ್ಲಿ. ಅಲ್ಲಿ ಈ ಸಮಸ್ಯೆಗೆ ಇನ್ನೂ ಅಪಾಯಕಾರಿಯಾದ ಮುಖವಿದೆ. ತುಂಗಾತೀರ ಅವರಿಗೆ ಕನಿಷ್ಠ ಒಂದು ಎರರ್ ಸಿಕ್ಕಿತು, ನಮಗೆ ಅದೂ ಸಿಗುವುದಿಲ್ಲ. ಫೈಲ್ ಡಿಸ್ಕ್ರಿಪ್ಟರ್ ಎಂಬುದು, ತೆರೆದ ಫೈಲು, ಸಾಕೆಟ್, ಪೈಪುಗಳನ್ನು ಗುರುತಿಸುವ ಕೇವಲ ಒಂದು ಸಂಖ್ಯೆ. ಹೊಸದಾಗಿ ಏನನ್ನು ತೆರೆದರೂ, ಖಾಲಿ ಇರುವವುಗಳಲ್ಲಿ ಅತಿ ಚಿಕ್ಕ ಸಂಖ್ಯೆಯನ್ನೇ ಕೊಡಬೇಕೆಂಬುದು ಯೂನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್‌ನ ನಿಯಮ. ಹಾಗಾಗಿ ಒಂದು ಥ್ರೆಡ್ 7 ನೇ ಸಂಖ್ಯೆಯ ಸಾಕೆಟ್ ಮುಚ್ಚಿದ ಮರುಕ್ಷಣವೇ ಮತ್ತೊಂದು ಥ್ರೆಡ್ ತೆರೆದ ಲಾಗ್ ಫೈಲಿಗೆ ಅದೇ 7 ಸಿಗಬಹುದು. ಬಾಡಿಗೆದಾರ ಮನೆ ಬಿಟ್ಟ ದಿನವೇ ಅದೇ ಬಾಗಿಲಿಗೆ ಹೊಸಬ ಬಂದು ಸೇರಿಕೊಂಡರೆ, ಹಳಬನ ಹೆಸರಿನ ಪತ್ರವೆಲ್ಲ ಅವನ ಕೈ ಸೇರುತ್ತದೆಯಲ್ಲ, ಇಲ್ಲಿಯೂ ಹಾಗೆಯೇ. 7 ಎಂಬ ಹಳೆಯ ಸಂಖ್ಯೆಯನ್ನು ಇನ್ನೂ ಇಟ್ಟುಕೊಂಡಿರುವ ಮೂರನೆಯ ಥ್ರೆಡ್ ರೈಟ್ ಕರೆದರೆ, ಗ್ರಾಹಕನಿಗೆ ಹೋಗಬೇಕಾದ ಬೈಟುಗಳು ಲಾಗ್ ಫೈಲಿಗೆ ಹೋಗುತ್ತವೆ. ಕರೆ ಯಶಸ್ವಿಯಾಯಿತೆಂದೇ ಕರ್ನಲ್ ಹೇಳುತ್ತದೆ. ಒಬ್ಬ ಗ್ರಾಹಕನ ಉತ್ತರ ಮತ್ತೊಬ್ಬನಿಗೆ ತಲುಪುವ ಭದ್ರತಾ ಲೋಪಗಳಿಗೆ ಇದೂ ಒಂದು ಮೂಲ.

ಜೊತೆಗೆ, ಲಿನಕ್ಸ್‌ನಲ್ಲಿ ಕ್ಲೋಸ್ ಕರೆದ ಮಾತ್ರಕ್ಕೆ ಅದೇ ಸಾಕೆಟ್‌ನ ರೀಡ್‌ನಲ್ಲಿ ಸಿಲುಕಿದ ಥ್ರೆಡ್ ಎಚ್ಚರಗೊಳ್ಳುವುದಿಲ್ಲ. ಆ ಕರೆ ಒಳಗಿನ ಫೈಲಿನ ಮೇಲೆ ತನ್ನದೇ ಹಿಡಿತ ಇಟ್ಟುಕೊಂಡಿರುವುದರಿಂದ ಅದು ಅಲ್ಲಿಯೇ ನಿಂತಿರುತ್ತದೆ. ನಾವು ಪಾಲಿಸುವ ಕ್ರಮ ಇದು: ಮೊದಲು ಶಟ್‌ಡೌನ್ (ಸಂಖ್ಯೆಯನ್ನು ಬಿಡದೆ ಸಂಪರ್ಕವನ್ನು ಮಾತ್ರ ನಿಲ್ಲಿಸುವ ಕರೆ) ಕರೆಯಬೇಕು, ಆಗ ಓದುತ್ತಿದ್ದ ಥ್ರೆಡ್ ಎಚ್ಚರಗೊಂಡು ಸೊನ್ನೆ ಬೈಟು ಪಡೆದು ಹೊರಬರುತ್ತದೆ. ಆ ಥ್ರೆಡ್‌ಗೆ ಜಾಯಿನ್ ಮಾಡಬೇಕು, ಎಂದರೆ ಅದು ಮುಗಿಯುವವರೆಗೆ ಕಾಯಬೇಕು. ಕೊನೆಗೆ ಮಾತ್ರ ಕ್ಲೋಸ್. ನಿಲ್ಲಿಸು ಎಂದು ಕೇಳುವುದು ಒಂದು ಕೆಲಸ, ಸಂಪನ್ಮೂಲವನ್ನು ಬಿಟ್ಟುಕೊಡುವುದು ಇನ್ನೊಂದು. ಎರಡನ್ನೂ ಒಂದೇ ಕರೆಯಲ್ಲಿ ಮಾಡಲು ಹೊರಟಾಗಲೇ ರೇಸ್ ಹುಟ್ಟುತ್ತದೆ.

ಕಾಗದದೋಣಿ:
ಪೈಪಿಗೆ ಶಟ್‌ಡೌನ್ ಇಲ್ಲವಲ್ಲ? ಅಲ್ಲಿ ಏನು ಮಾಡುತ್ತೀರಿ?

ಸಂಪಿಗೆಹಾದಿ:
ಒಳ್ಳೆಯ ಪ್ರಶ್ನೆ. ರೀಡ್‌ನಲ್ಲಿ ನೇರವಾಗಿ ನಿಲ್ಲದೆ ಪೋಲ್‌ನಲ್ಲಿ (ಹಲವು ಡಿಸ್ಕ್ರಿಪ್ಟರ್‌ಗಳಿಗಾಗಿ ಒಟ್ಟಿಗೆ ಕಾಯುವ ಕರೆ) ನಿಲ್ಲಬೇಕು, ಪೈಪಿನ ಜೊತೆಗೆ ಒಂದು ಇವೆಂಟ್‌ಎಫ್‌ಡಿಯನ್ನೂ (ಸೂಚನೆ ಕೊಡಲೆಂದೇ ಇರುವ ಡಿಸ್ಕ್ರಿಪ್ಟರ್) ಅದಕ್ಕೆ ಕೊಡಬೇಕು. ನಿಲ್ಲಿಸಬೇಕಾದ ಥ್ರೆಡ್ ಇವೆಂಟ್‌ಎಫ್‌ಡಿಗೆ ಬರೆಯುತ್ತದೆ, ಓದುವ ಥ್ರೆಡ್ ಎಚ್ಚರಗೊಂಡು ತಾನೇ ಪೈಪನ್ನು ಮುಚ್ಚುತ್ತದೆ. ಮುಚ್ಚುವವನೂ ಬಳಸುವವನೂ ಒಬ್ಬನೇ ಆದ್ದರಿಂದ ರೇಸ್‌ಗೆ ಜಾಗವಿರುವುದಿಲ್ಲ.

ಬಯಲುಗಾಳಿ:
ನಮ್ಮ ಸಿ ಕೋಡಿನಲ್ಲಿ ಕ್ಲೋಸ್ ಕರೆ ಈಇಂಟರ್ (ಸಿಗ್ನಲ್ ಬಂದು ಕರೆ ನಡುವೆಯೇ ತಡೆಯಾಯಿತೆಂಬ ಎರರ್) ಎಂದು ವಿಫಲವಾದರೆ ಲೂಪ್‌ನಲ್ಲಿ ಮತ್ತೆ ಕರೆಯುತ್ತೇವೆ. ರೀಡ್, ರೈಟ್‌ಗಳಿಗೆ ಮಾಡುವಂತೆಯೇ. ಅದಾದರೂ ಸರಿಯೇ?

ಕಲ್ಲುಮಂಟಪ:
ಲಿನಕ್ಸ್‌ನಲ್ಲಿ ಸರಿಯಲ್ಲ, ತಕ್ಷಣ ತೆಗೆಯಿರಿ. ಲಿನಕ್ಸ್ ಕರ್ನಲ್ ಕ್ಲೋಸ್‌ನ ಆರಂಭದಲ್ಲೇ ಡಿಸ್ಕ್ರಿಪ್ಟರನ್ನು ಬಿಡುಗಡೆ ಮಾಡಿಬಿಡುತ್ತದೆ, ಎರರ್ ಬರುವುದು ಅದರ ನಂತರದ ಹಂತಗಳಿಂದ. ಎರಡನೇ ಸಲ ಕರೆದಾಗ ನೀವು ಮುಚ್ಚುವುದು, ಅಷ್ಟರಲ್ಲಿ ಇನ್ನೊಂದು ಥ್ರೆಡ್ ಪಡೆದುಕೊಂಡಿರಬಹುದಾದ ಹೊಸ ಫೈಲನ್ನು. ಸಂಪಿಗೆಹಾದಿ ಅವರು ಹೇಳಿದ ಅನಾಹುತವನ್ನು ನೀವೇ ಕೈಯಾರೆ ತಂದುಕೊಂಡಂತಾಗುತ್ತದೆ.

ಹಳೆಗಂಟು:
ಒಂದು ತಿದ್ದುಪಡಿ ಸೇರಿಸಬೇಕು. ಎಲ್ಲ ಯೂನಿಕ್ಸ್‌ಗಳಲ್ಲೂ ಹಾಗಿಲ್ಲ. ಎಚ್‌ಪಿ-ಯುಎಕ್ಸ್‌ನಲ್ಲಿ ಈಇಂಟರ್ ಬಂದರೆ ಡಿಸ್ಕ್ರಿಪ್ಟರ್ ತೆರೆದೇ ಇರುತ್ತದೆ, ಅಲ್ಲಿ ಮತ್ತೆ ಕರೆಯಲೇಬೇಕು. ಪಾಸಿಕ್ಸ್ ಬಹುಕಾಲ ಇದನ್ನು ಅನಿರ್ದಿಷ್ಟವಾಗಿಯೇ ಬಿಟ್ಟಿತ್ತು. 2024 ರ ಆವೃತ್ತಿಯಲ್ಲಿ ಪಾಸಿಕ್ಸ್_ಕ್ಲೋಸ್ ಎಂಬ ಹೊಸ ಕರೆಯನ್ನು ಸೇರಿಸಿ ಗೊಂದಲ ತಗ್ಗಿಸಲು ಯತ್ನಿಸಲಾಗಿದೆ. ಪುಸ್ತಕಗಳಲ್ಲಿ ಆ ಲೂಪ್ ಕಂಡಿದ್ದರೆ ಅದು ಯಾವ ವ್ಯವಸ್ಥೆಗಾಗಿ ಬರೆದದ್ದೆಂದು ನೋಡಬೇಕು.

ಕಲ್ಲುಮಂಟಪ:
ಸರಿಯಾದ ಮಾತು. ಎರಡು ಸಲ ಮುಚ್ಚುವ ಈ ಪಿಡುಗು ಎಷ್ಟು ವ್ಯಾಪಕವೆಂದರೆ, ಆಂಡ್ರಾಯ್ಡ್ 10 ರಲ್ಲಿ ಅದನ್ನು ಹಿಡಿಯಲೆಂದೇ ಎಫ್‌ಡಿಸ್ಯಾನ್ ಎಂಬ ಸಾಧನವನ್ನು ಸೇರಿಸಿದರು. ಪ್ರತಿ ಡಿಸ್ಕ್ರಿಪ್ಟರಿಗೂ ಒಡೆಯನ ಗುರುತನ್ನು ಅಂಟಿಸಿ, ಬೇರೊಬ್ಬರು ಮುಚ್ಚಲು ಬಂದರೆ ಅದು ತಡೆಯುತ್ತದೆ. ಮೊದಲು ಎಚ್ಚರಿಕೆ ಮಾತ್ರ ಕೊಡುತ್ತಿತ್ತು, ಆಂಡ್ರಾಯ್ಡ್ 11 ರಿಂದ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಒಡೆತನ ಎಂಬ ವಿಚಾರವನ್ನು ಮೊದಲೇ ಇಟ್ಟುಕೊಂಡಿದ್ದರೆ ಇಂಥ ಸಾಧನವೇ ಬೇಕಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನೀಲಿಗಿಡ:
ಜಾವಾದವರು ಇದನ್ನು ಬಗೆಹರಿಸಿರುವ ರೀತಿ ತಿಳಿಯಬೇಕಾದದ್ದು. ಒಂದು ಸಾಕೆಟ್‌ನಲ್ಲಿ ಥ್ರೆಡ್‌ಗಳು ಸಿಲುಕಿರುವಾಗ ಅದನ್ನು ಕ್ಲೋಸ್ ಮಾಡಿದರೆ, ಜೆಡಿಕೆ (ಜಾವಾದ ಮೂಲ ಕಿಟ್) ಆ ಡಿಸ್ಕ್ರಿಪ್ಟರನ್ನು ತಕ್ಷಣ ಬಿಡುವುದಿಲ್ಲ. ಮೊದಲು ಡಪ್2 ಕರೆಯಿಂದ, ಇನ್ನೊಂದು ತುದಿ ಆಗಲೇ ಮುಚ್ಚಿರುವ ಒಂದು ಸಾಕೆಟನ್ನು ಅದೇ ಸಂಖ್ಯೆಯ ಮೇಲೆ ಕೂರಿಸುತ್ತದೆ. ಸಂಪರ್ಕ ಕಡಿದುಹೋಯಿತು, ಆದರೆ ಸಂಖ್ಯೆ ಮಾತ್ರ ಬೇರೆಯವರಿಗೆ ಸಿಗಲಿಲ್ಲ. ಬಳಿಕ ಸಿಲುಕಿರುವ ಥ್ರೆಡ್‌ಗಳಿಗೆ ಸಿಗ್ನಲ್ ಕಳುಹಿಸಿ ಎಬ್ಬಿಸುತ್ತದೆ. ಜಾವಾದ ಚಾನೆಲ್‌ಗಳಲ್ಲಾದರೆ (ಇವು ಫೈಲ್, ಸಾಕೆಟ್‌ಗಳನ್ನು ಓದಿ ಬರೆಯುವ ವಸ್ತುಗಳು, ಗೋ ಚಾನೆಲ್‌ಗಳಲ್ಲ) ಆ ಥ್ರೆಡ್‌ಗಳಿಗೆ ಅಸಿಂಕ್ರೊನಸ್‌ಕ್ಲೋಸ್‌ಎಕ್ಸೆಪ್ಷನ್ ಸಿಗುತ್ತದೆ. ಎಲ್ಲರೂ ಹೊರಬಂದ ಮೇಲೆ ನಿಜವಾದ ಕ್ಲೋಸ್ ನಡೆಯುತ್ತದೆ.

ಆದರೆ ಫೈಲ್‌ಚಾನೆಲ್ ಬಳಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಹಲವು ಥ್ರೆಡ್‌ಗಳು ಹಂಚಿಕೊಂಡ ಫೈಲ್‌ಚಾನೆಲ್‌ನಲ್ಲಿ ಓದುತ್ತಿರುವ ಒಂದು ಥ್ರೆಡ್‌ಗೆ ಯಾರಾದರೂ ಇಂಟರಪ್ಟ್ ಕಳುಹಿಸಿದರೆ, ಆ ಚಾನೆಲ್ಲೇ ಎಲ್ಲರಿಗೂ ಮುಚ್ಚಿಹೋಗುತ್ತದೆ. ಒಂದು ಟಾಸ್ಕನ್ನು ರದ್ದು ಮಾಡಿದ್ದಕ್ಕೆ ಸಂಬಂಧವೇ ಇಲ್ಲದ ಹತ್ತು ಟಾಸ್ಕ್‌ಗಳು ಬಿದ್ದಾಗ ಕಾರಣ ಹುಡುಕುವುದು ನಿಜಕ್ಕೂ ಹಿಂಸೆ. ಇದು ದಾಖಲೆಯಲ್ಲಿರುವ ವರ್ತನೆಯೇ, ಬಗ್ ಅಲ್ಲ. ಆದರೂ ಥ್ರೆಡ್ ಪೂಲ್‌ಗಳನ್ನು ಬಳಸುವ ಇಂದಿನ ಕೋಡಿಗೆ ಈ ನಿರ್ಧಾರ ಹೊಂದುವುದಿಲ್ಲವೆಂದು ನನಗನ್ನಿಸುತ್ತದೆ.

ಹಳೆಗಂಟು:
ಗೋ ಕೂಡ ಒಳಗೆ ಹತ್ತಿರದ ದಾರಿಯನ್ನೇ ಹಿಡಿದಿದೆ. ಪ್ರತಿ ಓದು, ಬರಹವೂ ಒಳಗೆ ಹೋಗುವಾಗ ಒಂದು ಎಣಿಕೆಯನ್ನು ಏರಿಸಿ, ಹೊರಬರುವಾಗ ಇಳಿಸುತ್ತದೆ. ಕ್ಲೋಸ್ ಬಂದಾಗ ‘ಮುಚ್ಚುತ್ತಿದೆ’ ಎಂಬ ಗುರುತು ಬೀಳುತ್ತದೆ, ಹೊಸಬರಿಗೆ ಪ್ರವೇಶ ನಿಲ್ಲುತ್ತದೆ, ಒಳಗೆ ಕಾಯುತ್ತಿರುವವರಿಗೆ ಎರರ್ ಕೊಟ್ಟು ಎಬ್ಬಿಸಲಾಗುತ್ತದೆ. ಎಣಿಕೆ ಸೊನ್ನೆಗಿಳಿದಾಗ ಕೊನೆಯವನ ಕೈಯಿಂದ ನಿಜವಾದ ಕ್ಲೋಸ್ ಆಗುತ್ತದೆ. ಹೀಗಾಗಿ ಗೋದಲ್ಲಿ ಸಂಖ್ಯೆ ಮರುಬಳಕೆಯ ಅಪಾಯ ಸಾಮಾನ್ಯವಾಗಿ ಇಲ್ಲ. ಎಫ್‌ಡಿ ಎಂಬ ಮೆಥಡ್‌ನಿಂದ ಬರಿಯ ಸಂಖ್ಯೆಯನ್ನು ಹೊರಗೆ ತೆಗೆದು ಸಿಸ್ಟಮ್ ಕಾಲ್‌ಗೆ ಕೊಟ್ಟಾಗ ಮಾತ್ರ ಈ ರಕ್ಷಣೆ ತಪ್ಪುತ್ತದೆ. ಆ ಫೈಲನ್ನು ಮತ್ತಾರೂ ಬಳಸದಿದ್ದರೆ ಗಾರ್ಬೇಜ್ ಕಲೆಕ್ಟರ್ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವುಗೊಳಿಸುವ ಭಾಗ) ಬಂದು ಅದನ್ನು ಮುಚ್ಚಿಯೂಬಿಡಬಹುದು. ಅಂಥ ಕಡೆ, ಕರೆ ಮುಗಿಯುವವರೆಗೆ ಸಂಖ್ಯೆಯನ್ನು ಕಾಯುವ ಸಿಸ್‌ಕಾಲ್‌ಕಾನ್ ಎಂಬ ಮೆಥಡ್ ಬಳಸಿ.

ಮುಂಜಾವು:
ರಸ್ಟ್ ಬಳಸಿ. ಡಿಸ್ಕ್ರಿಪ್ಟರಿಗೆ ಒಬ್ಬನೇ ಒಡೆಯ, ಅವನ ವ್ಯಾಪ್ತಿ ಮುಗಿದಾಗ ತಾನೇ ಮುಚ್ಚುತ್ತದೆ. 2022 ರಲ್ಲಿ ಬಂದ 1.63 ಆವೃತ್ತಿಯಿಂದ ಓನ್ಡ್‌ಎಫ್‌ಡಿ, ಬಾರೋಡ್‌ಎಫ್‌ಡಿ ಎಂಬ ವಿಧಗಳೇ ಇವೆ. ಎರವಲು ಪಡೆದವನು ಮುಗಿಸುವವರೆಗೆ ಒಡೆಯ ಮುಚ್ಚಲು ಕಂಪೈಲರ್ ಬಿಡುವುದಿಲ್ಲ.

ಸಂಪಿಗೆಹಾದಿ:
ಮುಂಜಾವು ಅವರೇ, ಅರ್ಧ ಸಮಸ್ಯೆಗೆ ಅದು ಬಹಳ ಒಳ್ಳೆಯ ಉತ್ತರ. ನಾನೂ ಅದನ್ನು ಮೆಚ್ಚುತ್ತೇನೆ. ಬಳಕೆಯಲ್ಲಿರುವಾಗ ಮುಚ್ಚಬಾರದೆಂಬ ನಿಯಮವನ್ನು ಕಂಪೈಲರ್ ಕಾಯುತ್ತದೆ. ಆದರೆ ರೀಡ್‌ನಲ್ಲಿ ಸಿಲುಕಿದ ಥ್ರೆಡ್ಡನ್ನು ಹೊರತರುವುದು ಹೇಗೆಂಬ ಉಳಿದ ಅರ್ಧಕ್ಕೆ ಅದು ಉತ್ತರಿಸುವುದಿಲ್ಲ. ರಸ್ಟ್‌ನಲ್ಲೂ ಟಿಸಿಪಿಸ್ಟ್ರೀಮ್‌ಗೆ ನೀವು ಶಟ್‌ಡೌನ್ ಕರೆಯಲೇಬೇಕು. ತುಂಗಾತೀರ ಅವರ ಮೂಲ ತೊಂದರೆಯಂಥ ಕ್ರಮದ ತಪ್ಪನ್ನೂ ಯಾವ ಕಂಪೈಲರೂ ಪೂರ್ತಿಯಾಗಿ ತಡೆಯಲಾರದು.

ಕಾಗದದೋಣಿ:
ವಿಷಯಕ್ಕೆ ಹತ್ತಿರದ್ದೇ ಆದ್ದರಿಂದ ಕೇಳುತ್ತೇನೆ. ಗೋ ಚಾನೆಲ್‌ಗಳಲ್ಲಿ ‘ಸೆಂಡ್ ಆನ್ ಕ್ಲೋಸ್ಡ್ ಚಾನೆಲ್’ ಎಂಬ ಪ್ಯಾನಿಕ್ (ಪ್ರೋಗ್ರಾಮನ್ನೇ ಬೀಳಿಸುವ ಎರರ್) ಬರುತ್ತದೆ. ನಮ್ಮ ತಂಡದಲ್ಲಿ ಕಳುಹಿಸುವ ಪ್ರತಿ ಫಂಕ್ಷನ್‌ಗೂ, ಆ ಪ್ಯಾನಿಕ್ ಅನ್ನು ತಡೆಹಿಡಿಯುವ ರಿಕವರ್ ಹಾಕುವ ಪದ್ಧತಿ ಇದೆ. ಇದು ಒಪ್ಪತಕ್ಕದ್ದೇ?

ಹಳೆಗಂಟು:
ಖಂಡಿತ ಅಲ್ಲ. ಆ ಪ್ಯಾನಿಕ್, ಚಾನೆಲ್‌ನ ಒಡೆಯ ಯಾರೆಂದು ನಿಮ್ಮ ಕೋಡಿಗೇ ತಿಳಿದಿಲ್ಲ ಎಂದು ಹೇಳುತ್ತಿದೆ. ರಿಕವರ್ ಹಾಕಿದರೆ ಆ ಸಂದೇಶವನ್ನೂ ಕಳೆದುಕೊಂಡಿರಿ, ಕಳುಹಿಸಬೇಕಾಗಿದ್ದ ಡೇಟಾವನ್ನೂ ಕಳೆದುಕೊಂಡಿರಿ. ಪಡೆಯುವವನು ಎಂದಿಗೂ ಚಾನೆಲ್ ಮುಚ್ಚಬಾರದು, ಕಳುಹಿಸುವವನು ಮುಚ್ಚಬೇಕು. ಕಳುಹಿಸುವವರು ಹಲವರಿದ್ದರೆ ಅವರಲ್ಲಿ ಯಾರೂ ಮುಚ್ಚಬಾರದು. ಎಲ್ಲರೂ ವೇಟ್‌ಗ್ರೂಪ್‌ಗೆ ಡನ್ ಹೇಳಿದ ಮೇಲೆ, ಅದಕ್ಕಾಗಿ ಕಾಯುತ್ತಿದ್ದ ಬೇರೊಂದು ಗೋರೂಟೀನ್ ಒಮ್ಮೆ ಮಾತ್ರ ಮುಚ್ಚಬೇಕು. ಪಡೆಯುವವನಿಗೆ ಮಧ್ಯದಲ್ಲೇ ಸಾಕೆನಿಸಿದರೆ ಕಾಂಟೆಕ್ಸ್ಟ್ (ರದ್ದತಿಯ ಸೂಚನೆಯನ್ನು ತಲುಪಿಸುವ ವಸ್ತು) ರದ್ದು ಮಾಡಲಿ, ಕಳುಹಿಸುವವರು ಸೆಲೆಕ್ಟ್‌ನಲ್ಲಿ (ಹಲವು ಚಾನೆಲ್‌ಗಳಿಗಾಗಿ ಒಟ್ಟಿಗೆ ಕಾಯುವ ಹೇಳಿಕೆ) ಅದನ್ನೂ ನೋಡುತ್ತಿರಲಿ.

ಬಯಲುಗಾಳಿ:
ಸಿಂಕ್.ಒನ್ಸ್ (ಒಂದು ಕೆಲಸವನ್ನು ಒಮ್ಮೆ ಮಾತ್ರ ನಡೆಸುವ ಸಾಧನ) ಹಾಕಿ ಮುಚ್ಚಿದರೆ ಸಾಲದೇ?

ಹಳೆಗಂಟು:
ಎರಡು ಸಲ ಮುಚ್ಚುವುದನ್ನು ಅದು ತಡೆಯುತ್ತದೆ. ಮುಚ್ಚಿದ ಮೇಲೆ ಕಳುಹಿಸುವುದನ್ನು ತಡೆಯುವುದಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು: ಚಾನೆಲ್ ಮುಚ್ಚಲೇಬೇಕೆಂಬ ನಿಯಮವೇ ಇಲ್ಲ. ಅದು ಫೈಲಿನಂತಲ್ಲ, ಯಾರೂ ಬಳಸದಿದ್ದರೆ ಗಾರ್ಬೇಜ್ ಕಲೆಕ್ಟರ್ ಅದನ್ನು ತೆಗೆದುಕೊಂಡು ಹೋಗುತ್ತದೆ. ಇನ್ನು ಬರುವುದಿಲ್ಲ ಎಂದು ಪಡೆಯುವವನಿಗೆ ತಿಳಿಸಬೇಕಾದಾಗ ಮಾತ್ರ ಮುಚ್ಚಿ.

ನೀಲಿಗಿಡ:
ಎರಡು ಯಂತ್ರಗಳ ನಡುವೆ ಇದೇ ರೇಸ್ ಬಂದಾಗ ಲಾಕೂ ಇಲ್ಲ, ಎಣಿಕೆಯೂ ಇಲ್ಲ. ಮುಂದಿನ ರಿಕ್ವೆಸ್ಟ್‌ಗಾಗಿ ತೆರೆದೇ ಇಟ್ಟ ಎಚ್‌ಟಿಟಿಪಿ ಕೀಪ್-ಅಲೈವ್ ಸಂಪರ್ಕ ಸುಮ್ಮನಿದೆಯೆಂದು ಸರ್ವರ್ ಅದನ್ನು ಮುಚ್ಚುತ್ತಿರುವ ಕ್ಷಣದಲ್ಲೇ ಎದುರಿನಿಂದ ಹೊಸ ರಿಕ್ವೆಸ್ಟ್ ಹೊರಟಿರುತ್ತದೆ. ನೋಡ್.ಜೆಎಸ್‌ನ ಹಲವು ಆವೃತ್ತಿಗಳಲ್ಲಿ, ಸುಮ್ಮನಿರುವ ಸಂಪರ್ಕವನ್ನು ಮುಚ್ಚುವ ಮುನ್ನ ಕಾಯುವ ಅವಧಿ ಡೀಫಾಲ್ಟ್ ಆಗಿ 5 ಸೆಕೆಂಡು. ಎದುರಿಗಿರುವ ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಯಂತ್ರ) 60 ಸೆಕೆಂಡು ಇಟ್ಟುಕೊಂಡಿದ್ದರೆ ಆಗಾಗ 502 ಎರರ್ (ಒಳಗಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲವೆಂಬ ಕೋಡ್) ಕಾಣಿಸುತ್ತದೆ. ಮುಚ್ಚುವ ಸರದಿ ಸದಾ ಒಂದೇ ಕಡೆಗೆ ಬರುವಂತೆ, ಒಳಗಿನ ಸರ್ವರ್‌ನ ಅವಧಿಯನ್ನು ಬ್ಯಾಲೆನ್ಸರ್‌ಗಿಂತ ಹೆಚ್ಚಿಗೆ ಇಡಬೇಕು. ರಿಕ್ವೆಸ್ಟ್ ಕಳುಹಿಸುವವನೇ ಮುಚ್ಚುವವನೂ ಆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಎಚ್‌ಟಿಟಿಪಿ/2 ಬರೆದವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಒಂದು ಸ್ಟ್ರೀಮಿಗೆ ರೀಸೆಟ್ ಕಳುಹಿಸಿದ ಮೇಲೂ, ದಾರಿಯಲ್ಲಿದ್ದ ಫ್ರೇಮುಗಳು ಬಂದರೆ ಸ್ವೀಕರಿಸಲು ಸಿದ್ಧವಿರಬೇಕೆಂದು ನಿಯಮದಲ್ಲೇ ಬರೆದಿದ್ದಾರೆ.

ತುಂಗಾತೀರ:
ಚರ್ಚೆಯಿಂದ ಬಹಳ ಉಪಯೋಗವಾಯಿತು. ಓದು ಮುಗಿದ ಮೇಲೆ ವೇಟ್ ಕರೆಯುವಂತೆ ಬದಲಿಸಿದೆವು. ಕಲ್ಲುಮಂಟಪ ಅವರು ಹೇಳಿದ ಪರೀಕ್ಷೆಯನ್ನೂ ಸೇರಿಸಿದೆವು, ಸಾಲುಗಳು ಈಗ ತಪ್ಪುತ್ತಿಲ್ಲ. ಆದರೆ ಹೊಸ ತೊಂದರೆಯೊಂದು ಕಾಣಿಸಿದೆ. ನಮ್ಮ ಚೈಲ್ಡ್ ಒಂದು ಶೆಲ್ ಸ್ಕ್ರಿಪ್ಟ್. ಅದು ಹಿನ್ನೆಲೆಯಲ್ಲಿ ಇನ್ನೊಂದು ಪ್ರೋಸೆಸ್ ಹುಟ್ಟಿಸಿ ತಾನು ಮುಗಿಯುತ್ತದೆ. ಆಗ ಇಓಎಫ್ ಬರುವುದೇ ಇಲ್ಲ. ಕಾಂಟೆಕ್ಸ್ಟ್‌ನ ಟೈಮ್‌ಔಟ್ ಮುಗಿದರೂ ಓದುವ ಗೋರೂಟೀನ್ ನಿಂತೇ ಇರುತ್ತದೆ.

ಕಲ್ಲುಮಂಟಪ:
ಇಓಎಫ್ ಬರುವುದು ಬರೆಯುವ ತುದಿಯ ಪ್ರತಿಗಳೆಲ್ಲವೂ ಮುಚ್ಚಿದಾಗ. ಮೊಮ್ಮಗ ಪ್ರೋಸೆಸ್ ಆ ತುದಿಯನ್ನು ಆನುವಂಶಿಕವಾಗಿ ಪಡೆದು ಹಿಡಿದುಕೊಂಡಿದೆ. ಟೈಮ್‌ಔಟ್ ಕೊಲ್ಲುವುದು ನೇರ ಚೈಲ್ಡನ್ನು ಮಾತ್ರ. ಇದಕ್ಕಾಗಿಯೇ ಗೋ 1.20 ರಲ್ಲಿ ವೇಟ್‌ಡಿಲೇ ಎಂಬ ಫೀಲ್ಡ್ ಬಂತು. ಆದರೆ ಅದರ ಪೂರ್ಣ ಉಪಯೋಗ ಬೇಕೆಂದರೆ ಸ್ಟಡೌಟ್‌ಪೈಪ್ ಬಿಟ್ಟು, ಕಮಾಂಡಿನ ಸ್ಟಡೌಟ್ ಫೀಲ್ಡಿಗೆ ನಿಮ್ಮದೇ ಒಂದು ರೈಟರ್ (ಬೈಟುಗಳನ್ನು ಬರೆಸಿಕೊಳ್ಳುವ ವಸ್ತು) ಕೊಡಿ. ಆಗ ಪೈಪನ್ನು ತೆರೆಯುವುದು, ಅದರಿಂದ ನಕಲಿಸುವುದು, ಮುಚ್ಚುವುದು ಎಲ್ಲವೂ ಪ್ಯಾಕೇಜಿನ ಹೊಣೆ. ನಕಲು ಮುಗಿಯುವವರೆಗೆ ವೇಟ್ ತಾನೇ ಕಾಯುತ್ತದೆ. ವೇಟ್‌ಡಿಲೇ ಮೀರಿದರೆ ಪೈಪ್ ಮುಚ್ಚಿ ಹಿಂತಿರುಗುತ್ತದೆ, ಬೇರೆ ಎರರ್ ಇಲ್ಲದಿದ್ದರೆ ಎರ್‌ವೇಟ್‌ಡಿಲೇ ಕೊಡುತ್ತದೆ. ಪೈಪನ್ನು ಹಿಡಿದು ಕುಳಿತ ಮೊಮ್ಮಗನನ್ನೂ ಕೊಲ್ಲಬೇಕಿದ್ದರೆ ಚೈಲ್ಡನ್ನು ಪ್ರತ್ಯೇಕ ಪ್ರೋಸೆಸ್ ಗ್ರೂಪ್‌ನಲ್ಲಿ ಶುರುಮಾಡಿ, ಕ್ಯಾನ್ಸಲ್ ಫಂಕ್ಷನ್‌ನಲ್ಲಿ ಇಡೀ ಗ್ರೂಪಿಗೆ ಸಿಗ್ನಲ್ ಕಳುಹಿಸಿ.

ತುಂಗಾತೀರ:
ರೈಟರ್‌ನ ದಾರಿಯನ್ನೇ ಹಿಡಿಯುತ್ತೇವೆ. ಸ್ಟ್ಯಾಂಡರ್ಡ್ ಎರರ್ ಸ್ಟ್ರೀಮಿಗೆ ಮಾತ್ರ ಪೈಪ್ ಉಳಿಸಿಕೊಂಡರೆ ತೊಂದರೆಯಿದೆಯೇ? ಅದನ್ನು ವೇಟ್‌ಗೂ ಮುನ್ನ ಕೊನೆಯಲ್ಲಿ ಒಟ್ಟಿಗೆ ಓದುವ ಯೋಚನೆಯಿದೆ.

ಹಳೆಗಂಟು:
ಅದರ ಅಂಚಿನಲ್ಲಿ ಇನ್ನೊಂದು ಹಳ್ಳವಿದೆ. ಲಿನಕ್ಸ್‌ನಲ್ಲಿ ಪೈಪಿನ ಸಾಮರ್ಥ್ಯ ಸಾಮಾನ್ಯವಾಗಿ 65,536 ಬೈಟು. ಚೈಲ್ಡ್ ಅದಕ್ಕಿಂತ ಹೆಚ್ಚು ಎರರ್ ಬರೆದು, ಆ ಹೊತ್ತಿಗೆ ಯಾರೂ ಓದದಿದ್ದರೆ ಅದರ ರೈಟ್ ಅಲ್ಲೇ ನಿಲ್ಲುತ್ತದೆ. ನೀವು ಚೈಲ್ಡ್ ಮುಗಿಯಲೆಂದು ಕಾಯುತ್ತೀರಿ, ಅದು ನೀವು ಓದಲೆಂದು ಕಾಯುತ್ತದೆ. ಸ್ಟಡೆರ್ ಫೀಲ್ಡಿಗೂ ಒಂದು ಬೈಟ್ಸ್.ಬಫರ್ ಕೊಟ್ಟುಬಿಡಿ. ಎರಡಕ್ಕೂ ಒಂದೇ ರೈಟರ್ ಕೊಟ್ಟರೂ ಆಗುತ್ತದೆ. ಅವು ಹೋಲಿಸಬಹುದಾದ ಒಂದೇ ಮೌಲ್ಯವಾಗಿದ್ದರೆ ಒಂದು ಸಮಯಕ್ಕೆ ಒಂದೇ ಗೋರೂಟೀನ್ ರೈಟ್ ಕರೆಯುವಂತೆ ಪ್ಯಾಕೇಜೇ ನೋಡಿಕೊಳ್ಳುತ್ತದೆ. ಬೇರೆ ಬೇರೆ ಕೊಟ್ಟು ಒಳಗೆ ಒಂದೇ ಸ್ಲೈಸಿಗೆ ಬರೆಯುವುದಾದರೆ ಮಾತ್ರ ನಿಮ್ಮದೇ ಲಾಕ್ ಬೇಕು, ಅದನ್ನು ತಪ್ಪಿಸಿದರೆ ಈ ಸಲ ರೇಸ್ ಡಿಟೆಕ್ಟರ್ ಹಿಡಿಯುತ್ತದೆ.